ಚೆಲ್ಲದ ನೀರು, ಉದುರದ ಪುಡಿ

ಮೈಸೂರಿನ ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಊರಿಗೆ ದಶಕಗಳಿಂದ ಡಿಎಫ್‌ಆರ್‌ಎಲ್ ಎಂದೇ ಪರಿಚಿತ. 1961ರಲ್ಲಿ ಅದು ಹುಟ್ಟಿದ್ದು ಸೈನಿಕರ ಊಟಕ್ಕಾಗಿ. ಹಿಮದ ಠಾಣೆಗಳಲ್ಲಿ ತಿಂಗಳುಗಟ್ಟಲೆ ಕೆಡದ ಆಹಾರ ಬೇಕಿತ್ತು. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸಲ್ಯೂಟ್‌–7 ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಇಲ್ಲಿನ ಮಾವಿನ ಬಾರ್ ಜೊತೆಗಿತ್ತು. ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆ ಗಗನಯಾನಕ್ಕೆಂದು ಇಡ್ಲಿ, ತರಕಾರಿ ಪಲಾವ್, ಹೆಸರುಬೇಳೆ ಹಲ್ವ ತಯಾರಾದದ್ದು 2020ರ ಜನವರಿಯಲ್ಲಿ ಸುದ್ದಿಯಾಯಿತು.

ಓದಿದವರೆಲ್ಲರ ಕಣ್ಣು ಇಡ್ಲಿಯ ಮೇಲೆಯೇ ನಿಂತಿತು. ಅದೇ ಸುದ್ದಿಯಲ್ಲಿ ಇನ್ನೆರಡು ವಸ್ತುಗಳಿದ್ದವು: ನೀರು, ಹಣ್ಣಿನ ರಸ ಕುಡಿಯಲು ವಿಶೇಷ ಪೊಟ್ಟಣ ಮತ್ತು ಊಟ ಬಿಸಿ ಮಾಡುವ ಹೀಟರ್. ಎಂಜಿನಿಯರಿಂಗ್ ಓದುವ ಮಕ್ಕಳು ನೋಡಬೇಕಾದದ್ದು ಇವನ್ನು.

400 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಗುರುತ್ವ ಮಾಯವಾಗಿರುವುದಿಲ್ಲ; ನೆಲದ ಮೇಲಿರುವುದರ ಸುಮಾರು ಶೇ 90ರಷ್ಟು ಅಲ್ಲೂ ಇದೆ. ನೌಕೆ, ಯಾತ್ರಿ, ಲೋಟ ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೂಕ ತಿಳಿಯುವುದಿಲ್ಲ, ಅಷ್ಟೆ. ಆಗ ನೀರು ಮೇಲ್ಮೈ ಎಳೆತದ ಮಾತನ್ನು ಮಾತ್ರ ಕೇಳುತ್ತದೆ. ಲೋಟ ಬಗ್ಗಿಸಿದರೆ ಸುರಿಯದು. ಉಂಡೆಯಾಗಿ ತೇಲುತ್ತದೆ, ಇಲ್ಲವೇ ಮುಖಕ್ಕೆ ಅಂಟಿಕೊಳ್ಳುತ್ತದೆ. ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಕ್ರಮವೂ ಅಲ್ಲಿಲ್ಲ. ಆದ್ದರಿಂದ ಹೀಟರಿನ ಬಿಸಿ ಫಲಕ ಪೊಟ್ಟಣಕ್ಕೆ ಒತ್ತಿಕೊಂಡೇ ಇರಬೇಕು, ಪೊಟ್ಟಣ ಚಪ್ಪಟೆಯಾಗಿದ್ದಷ್ಟೂ ಒಳ್ಳೆಯದು.

ಪುಡಿಯ ಕಾಟ ಬೇರೆ. 1965ರಲ್ಲಿ ಜೆಮಿನಿ–3ರ ಯಾತ್ರಿ ಜಾನ್ ಯಂಗ್ ಕದ್ದುಮುಚ್ಚಿ ಒಯ್ದ ಸ್ಯಾಂಡ್‌ವಿಚ್‌ನ ಚೂರುಗಳು ನೌಕೆಯೊಳಗೆ ತೇಲಾಡಿದವು. ಅವು ಉಪಕರಣಕ್ಕೋ ಉಸಿರಿಗೋ ಸಿಕ್ಕರೆ ಅಪಾಯ. ಆದ್ದರಿಂದ ನೆಲದ ಮೇಲೆ ಚಮಚ ಬಿಡದೆ ಕಾಡುವ ಹಲ್ವದ ಜಿಗುಟು ಅಲ್ಲಿ ದೊಡ್ಡ ಗುಣ. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕ್ಯಾರೆಟ್ ಹಲ್ವ ಒಯ್ದಿದ್ದರು. ರುಚಿಯ ಆಯ್ಕೆಯೇ ಇರಬಹುದು. ಆದರೆ ವಸ್ತುವಿಜ್ಞಾನಿಯೂ ಅದನ್ನೇ ಒಪ್ಪುತ್ತಿದ್ದ.

ದ್ರವದ ಈ ಹಟವನ್ನು ಉಪಯೋಗಕ್ಕೆ ತಿರುಗಿಸಿದವರೂ ಇದ್ದಾರೆ. 2008ರಲ್ಲಿ ಅಮೆರಿಕದ ಗಗನಯಾತ್ರಿ ಡಾನ್ ಪೆಟಿಟ್ ಅದೇ ನಿಲ್ದಾಣದಲ್ಲಿದ್ದಾಗಲೇ ಪ್ಲಾಸ್ಟಿಕ್ ಹಾಳೆ ಮಡಚಿ ಕಾಫಿ ಲೋಟ ಮಾಡಿಕೊಂಡರು. ಒಳಗಿನ ಚೂಪು ಮೂಲೆಯಗುಂಟ ಕಾಫಿ ತಾನಾಗಿ ತುಟಿಯವರೆಗೆ ಹರಿದು ಬರುತ್ತಿತ್ತು. ಇಂಥ ವಿನ್ಯಾಸಗಳನ್ನು ನೆಲದಲ್ಲೂ ಪರೀಕ್ಷಿಸಬಹುದು. ಉಪಕರಣವನ್ನು ಎತ್ತರದಿಂದ ಬೀಳಬಿಡುವ ಐಐಟಿ ಮದ್ರಾಸಿನ ಪತನ ಗೋಪುರದಲ್ಲಿ 2.5 ಸೆಕೆಂಡು ತೂಕರಹಿತ ಸ್ಥಿತಿ ಸಿಗುತ್ತದೆ.

ಮೈಸೂರಿನ ಯಾವ ಕಾಲೇಜಿನ ಮಕ್ಕಳೂ ಅಷ್ಟು ದೂರ ಹೋಗದೆ ಶುರು ಮಾಡಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಬಳಿ ತೂತು ಮಾಡಿ, ನೀರು ತುಂಬಿ, ಮುಚ್ಚಳ ಹಾಕದೆ ಆರು ಮೀಟರ್ ಎತ್ತರದಿಂದ ಬಿಡಿ. ಕೈಯಲ್ಲಿದ್ದಾಗ ಸುರಿಯುತ್ತಿದ್ದ ಧಾರೆ ಬೀಳುವಾಗ ನಿಂತೇಹೋಗುತ್ತದೆ. ಸಿಗುವುದು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಕಾಲ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾಕ್ಕೆ ಅಷ್ಟು ಸಾಕು.