ಜೆಕಿಲ್ ದ್ವೀಪದ ಮೌನ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಜಾರ್ಜಿಯಾದ ಕರಾವಳಿಯು ಸುಮಾರು 160 ಕಿಲೋಮೀಟರುಗಳಷ್ಟು ಉದ್ದವಾದುದು. ಅದರ ಮುಂದೆ, ಕೋಟೆಗೆ ಹೊರಗೋಡೆಯಿದ್ದಂತೆ, ದ್ವೀಪಗಳದೊಂದು ಸಾಲು ಉಂಟು. ಸಿರಿವಂತರು ವಿಶ್ರಾಂತಿಗೆಂದು ಅರಸಿಕೊಂಡು ಬರುವ ಪ್ರಶಾಂತ ಪ್ರದೇಶವಿದು. ಇವುಗಳಲ್ಲಿ ಜೆಕಿಲ್ ಎಂಬ ಒಂದನ್ನು ಮಾತ್ರ ಈ ಹೊತ್ತು ನೋಡೋಣ.

ಇವು ಬಂಡೆಯ ದ್ವೀಪಗಳಲ್ಲ. ಅಲೆ ಗಾಳಿಗಳು ಕೂಡಿಹಾಕಿದ ಮರಳಿನವು. ಪೂರ್ವದಲ್ಲಿ ಅಟ್ಲಾಂಟಿಕ್ ಸಾಗರ, ಪಶ್ಚಿಮದಲ್ಲಿ ಮೈಲಿಗಟ್ಟಲೆ ಹಬ್ಬಿದ ಉಪ್ಪುನೀರಿನ ಜೌಗು, ಅದರಾಚೆಗೆ ನಾಡು. ಮಂಗಳೂರಿನ ಬೆಂಗರೆಯನ್ನು ಕಂಡವರಿಗೆ, ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಹೊಳೆ, ನಡುವೆ ಮರಳಿನ ನಾಲಗೆ ಎಂಬ ಚಿತ್ರವು ತೀರ ಅಪರಿಚಿತವಾಗಲಾರದು. ಬಿರುಗಾಳಿಯ ಮೊದಲ ಪೆಟ್ಟು ದ್ವೀಪದ ಮೇಲೆ ಬೀಳುವುದರಿಂದ ಹಿಂದಿನ ಜೌಗಿನಲ್ಲಿ ಹುಲ್ಲು ನಿರ್ಭಯವಾಗಿ ಬೆಳೆಯುತ್ತದೆ. ದಿನಕ್ಕೆರಡು ಸಲ ಭರತದ ನೀರು ಆರೇಳು ಅಡಿ ಏರುತ್ತದೆ. ಏರಿದಾಗ ಹುಲ್ಲಿನ ತುದಿಗಳು ಮಾತ್ರ ಕಾಣುತ್ತವೆ. ಇಳಿದಾಗ ಕೆಸರು, ಸಿಂಪಿ, ಏಡಿ. ಒಂದೇ ಸಲ ನೋಡಿ ಹಿಂದಿರುಗುವವರು ಅರ್ಧವನ್ನೇ ನೋಡಿದಂತಾಯಿತು.

ಮರಳು ಇಲ್ಲಿ ಒಂದೆಡೆ ನಿಲ್ಲುವುದಿಲ್ಲ. ಉತ್ತರದ ತುದಿಯನ್ನು ಕಡಲು ಕೊರೆಯುತ್ತದೆ; ದಕ್ಷಿಣದ ತುದಿ ಬೆಳೆಯುತ್ತದೆ. ಉತ್ತರದಲ್ಲಿ ಬೇರು ಕಳಚಿ ಬಿದ್ದ ಓಕ್, ಪೈನ್ ಮರಗಳು ಉಪ್ಪು ಬಿಸಿಲುಗಳಿಗೆ ಬೆಳ್ಳಗಾಗಿ ಅಸ್ಥಿಪಂಜರಗಳಂತೆ ಮಲಗಿವೆ. ತೇಲಿಬಂದ ಕಟ್ಟಿಗೆಯ ತೀರವೆಂದು ಅದಕ್ಕೆ ಹೆಸರು. ಹೆಸರು ಚೆನ್ನಾಗಿದ್ದರೂ ನಾವು ಅದನ್ನು ಒಪ್ಪಲಾರೆವು. ಆ ಮರಗಳು ಎಲ್ಲಿಂದಲೂ ತೇಲಿಬಂದವಲ್ಲ. ಕಾಡಿದ್ದಲ್ಲಿಗೆ ಕಡಲೇ ಬಂದಿತು.

ಇಲ್ಲಿನ ಮೌನಕ್ಕೂ ಒಂದು ಚರಿತ್ರೆಯುಂಟು. 1886ರಲ್ಲಿ ಕೆಲವು ಧನಿಕರು ದ್ವೀಪವನ್ನೇ ಕೊಂಡು ತಮ್ಮ ಕ್ಲಬ್ಬನ್ನು ಸ್ಥಾಪಿಸಿದರು. ಮಾರ್ಗನ್, ರಾಕ್‌ಫೆಲರ್, ವಾಂಡರ್‌ಬಿಲ್ಟ್ ಮನೆತನದವರು ಚಳಿಗಾಲವನ್ನು ಇಲ್ಲಿ ಕಳೆಯುತ್ತಿದ್ದರು. ಆ ದೇಶದ ಕೇಂದ್ರ ಬ್ಯಾಂಕಿನ ಯೋಜನೆಯ ಕರಡು ಸಿದ್ಧವಾದುದೂ 1910ರಲ್ಲಿ ಇಲ್ಲಿ ನಡೆದ ಒಂದು ಗುಪ್ತ ಸಭೆಯಲ್ಲಿಯೇ. ಕ್ಲಬ್ಬು ಮುಚ್ಚಿದ ಮೇಲೆ, 1947ರಲ್ಲಿ, ಜಾರ್ಜಿಯಾ ಸರ್ಕಾರವು ದ್ವೀಪವನ್ನು ಸಾರ್ವಜನಿಕರಿಗಾಗಿ ಕೊಂಡಿತು. ಬಹುಪಾಲು ನೆಲದ ಮೇಲೆ ಕಟ್ಟಡಗಳೇಳದಂತೆ ಶಾಸನವೂ ಬಂದಿತು. ಹಣವು ಗೋಡೆ ಹಾಕಿ ಕಾಯ್ದುದನ್ನು ಕಾನೂನು ಬಾಗಿಲು ತೆರೆದು ಕಾಯುತ್ತಿದೆ ಎನ್ನಬಹುದು.

ಎಲ್ಲರಿಗೂ ತೆರೆಯಿತೆಂದಲ್ಲ. ಕಪ್ಪು ಜನರಿಗೆ ಒಂದು ಕಡಲತಡಿಯಾದರೂ ದೊರೆತುದು 1950ರಲ್ಲಿ. ಅದೂ ದಕ್ಷಿಣದ ಕೊನೆಯ ಸೇಂಟ್ ಆಂಡ್ರೂಸ್ ತೀರ ಮಾತ್ರ. ದ್ವೀಪದ ದಕ್ಷಿಣ ಭಾಗದಲ್ಲಿಯೇ 1858ರ ನವೆಂಬರಿನಲ್ಲಿ ವಾಂಡರರ್ ಎಂಬ ಹಡಗು ಸುಮಾರು 400 ಮಂದಿ ಆಫ್ರಿಕನರನ್ನು ದಾಸರನ್ನಾಗಿ ತಂದಿಳಿಸಿತ್ತು. ದಾಸರ ಆಮದು ನಿಷಿದ್ಧವಾಗಿ ಆಗಲೇ ಐವತ್ತು ವರ್ಷಗಳಾಗಿದ್ದುವು. ಅವರ ನೆನಪಿಗೆ ಈಗ ಅಲ್ಲಿ ಒಂದು ಕಾಲುದಾರಿಯುಂಟು. ಪ್ರವಾಸಿಗರು ಉತ್ತರದ ಮರಗಳ ಚಿತ್ರವನ್ನು ತೆಗೆದುಕೊಂಡು ಅಷ್ಟಕ್ಕೇ ಹಿಂದಿರುಗದೆ, ಆ ದಾರಿಯಲ್ಲಿಯೂ ಅರ್ಧ ಗಂಟೆ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ಬೇಸಿಗೆಯಲ್ಲಿ ಹೋಗುವವರು ರಾತ್ರಿ ತೀರದಲ್ಲಿ ಬಿಳಿಯ ದೀಪವನ್ನು ಹಚ್ಚಬಾರದು. ಆಗ ಕಡಲಾಮೆಗಳು ಮೊಟ್ಟೆಯಿಡಲು ಮರಳಿಗೆ ಏರಿಬರುತ್ತವೆ. ಬೆಳಕು ಕಂಡರೆ ಹಿಂದಿರುಗಿ ಹೋಗುವುದುಂಟು.