ಮಳೆಗಾಲಕ್ಕೆ ತೂಗಿದ ಸೌತೆಕಾಯಿ

ಕರಾವಳಿಯ ಗೃಹಸ್ಥನು ಪಂಚಾಂಗದಲ್ಲಿ ಆರು ಋತುಗಳನ್ನು ಓದುವನಾದರೂ ಆತನ ಅಡಿಗೆಯ ಮನೆಯು ಎರಡನ್ನೇ ಬಲ್ಲುದು: ಮಳೆ ಹೊಯ್ಯುವ ಕಾಲ, ಮಳೆಗೆ ಸಿದ್ಧವಾಗುವ ಕಾಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆಯು ಬೀಳುವುದಷ್ಟೆ. ಅದರ ಬಹುಭಾಗವು ಜೂನಿನಿಂದ ಸಪ್ಟೆಂಬರದ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಬೇಸಗೆಯ ಬಳ್ಳಿಗಳು ಆಗ ಕೊಳೆಯುವುವು. ಮಳೆಗಾಲದ ಬೆಂಡೆ ಹೀರೆಗಳು ಕೈಗೆ ಬರುವುದಕ್ಕೆ ಶ್ರಾವಣವಾಗಬೇಕು. ಆದುದರಿಂದ ವೈಶಾಖದ ಕೊನೆಯ ಕೊಯ್ಲಿನ ಮೇಲೆಯೇ ಮುಂದಿನ ಎರಡು ಮೂರು ತಿಂಗಳ ಹುಳಿ ಪಲ್ಯಗಳು ನಿಂತಿರುತ್ತವೆ.

ನಮ್ಮ ಮನೆಯ ಹಿತ್ತಿಲಿಗೆ ತಾಗಿದ ಮಜಲುಗದ್ದೆಯಲ್ಲಿ ಸುಗ್ಗಿಯ ಪೈರನ್ನು ಕೊಯ್ದ ಬಳಿಕ ಮಣ್ಣನ್ನು ಕೊಚ್ಚಿ, ಸುಡುಮಣ್ಣನ್ನೂ ಹಟ್ಟಿಗೊಬ್ಬರವನ್ನೂ ಬೆರೆಸಿ, ಸೌತೆ, ಸಿಹಿಗುಂಬಳ, ಬೂದುಗುಂಬಳ, ಅಲಸಂದೆ, ಹರಿವೆಗಳನ್ನು ಹಾಕುವುದು ಹಿರಿಯರಿಂದ ಬಂದ ವಾಡಿಕೆ. ಸೌತೆಯೆಂದರೆ ಹಸಿಯಾಗಿ ತಿನ್ನುವ ಎಳೆಸೌತೆಯಲ್ಲ. ಬಲಿತಾಗ ಹಳದಿ ಬಣ್ಣಕ್ಕೆ ತಿರುಗುವ, ಮೈಮೇಲೆ ಪಟ್ಟೆಗಳುಳ್ಳ, ಘಟ್ಟದ ಮೇಲಿನವರು ಮಂಗಳೂರು ಸೌತೆಯೆಂದು ಕರೆಯುವ ಕಾಯಿಯದು. ಸಸ್ಯಶಾಸ್ತ್ರಜ್ಞರು ಇದನ್ನು ಕರಬೂಜದ ಜಾತಿಗೇ ಸೇರಿಸಿರುವರು. ನಮ್ಮ ಬಾಲ್ಯದಲ್ಲಿ ಸಂಜೆಯಾದೊಡನೆ ಮನೆಮಂದಿಯೆಲ್ಲ ಎರಡೆರಡು ಕೊಡಗಳನ್ನು ಹಿಡಿದು ಕೆರೆಗೆ ಇಳಿಯುತ್ತಿದ್ದೆವು. ಈಗ ಪಂಪಿನ ಗುಂಡಿಯನ್ನೊತ್ತಿದರಾಯಿತು.

ಬಲಿತ ಸೌತೆಯು ತಾನಾಗಿ ತೊಟ್ಟಿನಿಂದ ಕಳಚಿಕೊಳ್ಳುವ ಉಪಮೆಯನ್ನು ತ್ರ್ಯಂಬಕಮಂತ್ರದಲ್ಲಿ ನಿತ್ಯವೂ ಜಪಿಸುವವರು ನಾವು. ಮೋಕ್ಷಕ್ಕೆ ಅದು ಸರಿ. ಮಳೆಗಾಲದ ಸಂಗ್ರಹಕ್ಕೆ ಅಲ್ಲ. ತೊಟ್ಟು ಕಳಚಿದ ಕಾಯಿಯು ಆ ಗಾಯದಿಂದಲೇ ಕೊಳೆಯಲಾರಂಭಿಸುವುದು. ಆದುದರಿಂದ ಎರಡು ಬೆರಳಿನಷ್ಟು ತೊಟ್ಟನ್ನು ಉಳಿಸಿ ಕತ್ತಿಯಿಂದ ಕೊಯ್ಯಬೇಕು. ನೆಲಕ್ಕೆ ಎತ್ತಿಹಾಕಬಾರದು, ನೀರಿನಲ್ಲಿ ತೊಳೆಯಬಾರದು. ಬೂದುಗುಂಬಳದ ಮೈಮೇಲಿನ ಬಿಳಿಯ ಬೂದಿಯನ್ನು ಮಕ್ಕಳು ಬೆರಳಿನಿಂದ ಒರೆಸಿ ಹೆಸರು ಬರೆಯುವುದುಂಟು. ಆ ಬೂದಿಯು ಕಾಯಿಗೆ ಮೇಣದ ಕವಚವಾಗಿರುವುದರಿಂದ ಅದನ್ನೂ ತಡೆಯತಕ್ಕದ್ದು. ಬಳಿಕ ಬಾಳೆಯ ಒಣಗಿದ ನಾರನ್ನು ನೀರಿನಲ್ಲಿ ನೆನೆಸಿ ಮೆದುವಾಗಿಸಿ, ಸೌತೆಯನ್ನು ಎರಡು ಸುತ್ತಿನ ಕುಣಿಕೆಯಲ್ಲಿ ಕೂರಿಸಿ, ಒಂದಕ್ಕೊಂದು ತಾಗದಂತೆ ಮಾಡಿನ ಪಕ್ಕಾಸುಗಳಿಗೆ ತೂಗುಹಾಕುವುದು. ಸುತ್ತಲೂ ಗಾಳಿಯಾಡುತ್ತದೆ, ಒಲೆಯ ಹೊಗೆಯು ತಾಗುತ್ತದೆ; ಹೀಗೆ ತೂಗಿದ ಕಾಯಿಯು ಆಟಿ ತಿಂಗಳಿನ ವರೆಗೂ ಕೆಡದೆ ಉಳಿಯುವುದನ್ನು ನಾವು ಕಂಡಿದ್ದೇವೆ.

ಇದಿಷ್ಟನ್ನೂ ತಿಳಿದಿದ್ದ ನಾವೇ 2025ರಲ್ಲಿ ಮೋಸಹೋದೆವು. ವಾಡಿಕೆಯಂತೆ ಕೇರಳಕ್ಕೆ ಜೂನ್ 1ಕ್ಕೆ ಬರತಕ್ಕ ಮುಂಗಾರು ಆ ವರ್ಷ ಮೇ 24ಕ್ಕೇ ಬಂದುಬಿಟ್ಟಿತು. ಪತ್ತನಾಜೆ ಕಳೆಯಲಿ, ಇನ್ನೂ ನಾಲ್ಕು ದಿನ ಬಲಿಯಲಿ ಎಂದು ಕಾಯಿಗಳನ್ನು ಬಳ್ಳಿಯಲ್ಲಿಯೇ ಬಿಟ್ಟವರು ನಾವು; ಕೊಯ್ದದ್ದು ಸುರಿಯುವ ಮಳೆಯಲ್ಲಿ. ಅದರ ಮೇಲೆ ಹಂಚಿನ ಮನೆಯು ಹೋಗಿ ಹೊಸ ಕಾಂಕ್ರೀಟಿನ ಮನೆಯಾಗಿತ್ತು. ಪಕ್ಕಾಸಿಲ್ಲ, ಅಟ್ಟವಿಲ್ಲ, ಒಲೆಯ ಬದಲು ಗ್ಯಾಸು. ಕೆಸರು ಮೆತ್ತಿದ ಕಾಯಿಗಳನ್ನು ಗೋಣಿಯ ಮೇಲೆ ಮೂಲೆಯಲ್ಲಿ ರಾಶಿ ಹಾಕಿದೆವು. ಮೂರನೆಯ ವಾರಕ್ಕೆ ಮನೆಯೆಲ್ಲ ಹುಳಿವಾಸನೆ. ಉಳಿದದ್ದು ಐದೇ ಕಾಯಿ.

ಆ ಐದರಲ್ಲಿ ಅತ್ಯಂತ ಸುಲಕ್ಷಣವಾದೊಂದನ್ನು ನಾವು ಬೀಜಕ್ಕೆಂದು ಮನಸ್ಸಿನಲ್ಲಿಯೇ ಆರಿಸಿಕೊಂಡಿದ್ದೆವು. ಮನಸ್ಸಿನಲ್ಲಿ ಮಾತ್ರ! ಒಂದು ದಿನ ಅಕಸ್ಮಾತ್ತಾಗಿ ನೆಂಟರು ಬಂದರು. ಊಟಕ್ಕೆ ಕುಳಿತಾಗ ಹುಳಿಯೂ ಬಂತು, ಅದರ ಬೀಜವನ್ನು ಅರೆದು ಮಾಡಿದ ಸಾರೂ ಬಂತು. ಸಾರು ಬಹು ರುಚಿಯಾಗಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಮುಖವನ್ನು ಕಂಡು ಸೊಸೆಯು, “ಮಾವಾ, ಗುರುತು ಹಾಕದ ಕಾಯಿ ಬೀಜದ್ದೆಂದು ನನಗೆ ಹೇಗೆ ಗೊತ್ತಾಗಬೇಕು?” ಎಂದಳು. ನಲುವತ್ತು ವರ್ಷ ಮಕ್ಕಳ ಉತ್ತರಗಳಿಗೆ ಗುರುತು ಹಾಕಿದ ನಮ್ಮಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಉಳಿದ ನಾಲ್ಕರಲ್ಲಿ ಬೀಜಕ್ಕೆ ತಕ್ಕದ್ದೊಂದೂ ಇರಲಿಲ್ಲ. ನಮ್ಮ ತಾಯಿಯವರ ಕಾಲದಿಂದ ನಡೆದುಬಂದ ತಳಿಯು ಅಲ್ಲಿಗೆ ಮುಗಿಯಿತೆಂದೇ ಎಣಿಸಿದ್ದೆವು. ಆದರೆ ನಮ್ಮ ಗೃಹಿಣಿಯು ಹಲವು ವರ್ಷಗಳ ಹಿಂದೆ ತನ್ನ ತವರಿಗೆ ಒಂದು ಹಿಡಿ ಬೀಜವನ್ನು ಕೊಟ್ಟಿದ್ದಳು. ಅವರು ಅದನ್ನು ಬಿಡದೆ ಬೆಳೆಯುತ್ತಿದ್ದರು. ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಬೀಜವು ಕಾಗದದ ಪೊಟ್ಟಣದಲ್ಲಿ ಮರಳಿ ಬಂತು. ನೆರೆಯ ಸಾಲಿನ ಬೇರೆ ತಳಿಯ ಪರಾಗವನ್ನು ಜೇನ್ನೊಣಗಳು ತಂದು ಬೆರೆಸುವುದರಿಂದ ತಳಿ ಕೆಡುವ ಸಂಭವವುಂಟು; ಆದರೂ ಮೊದಲ ಕಾಯಿಯ ಪಟ್ಟೆಗಳನ್ನು ಕಂಡೊಡನೆ ಅವಳು ಗುರುತಿಸಿದಳು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವೆವು. ಸೌತೆ, ಸೋರೆ ಮೊದಲಾದುವನ್ನು ಹೆಚ್ಚಿದೊಡನೆ ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ನೋಡುವ ಹಳೆಯ ಪದ್ಧತಿಯನ್ನು ಬಿಡಬಾರದು. ಕಡುಕಹಿಯಾದ ಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುವುದು. ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥದನ್ನು ಬೆಲ್ಲ ಹಾಕಿ ಸರಿಪಡಿಸಲು ಹೋಗದೆ ಎಸೆದುಬಿಡತಕ್ಕದ್ದು.

ಈ ಸಲ ಮೇ ತಿಂಗಳ ನಡುವಿನಲ್ಲಿಯೇ ಬಿಸಿಲಿನಲ್ಲಿ ಕೊಯ್ದೆವು. ಹಿಂದಿನ ಜಗಲಿಯ ತಗಡಿನ ಮಾಡಿನ ಕೆಳಗೆ ಮಗನು ಮೂರು ಬಿದಿರುಗಳನ್ನು ಅಡ್ಡಲಾಗಿ ಕಟ್ಟಿಕೊಟ್ಟನು. ಅದರಡಿಯಲ್ಲಿಯೇ ಬಚ್ಚಲೊಲೆಯಿರುವುದರಿಂದ ಹೊಗೆಗೂ ಕೊರತೆಯಿಲ್ಲ. ಒಟ್ಟು 41 ಸೌತೆಗಳು ತೂಗುತ್ತಿವೆ. ಸೋಮವಾರಕ್ಕೊಮ್ಮೆ ಪ್ರತಿಯೊಂದನ್ನೂ ಒತ್ತಿ ನೋಡಿ, ಮೆತ್ತಗಾದುದನ್ನು ಮೊದಲು ಇಳಿಸುತ್ತೇವೆ. ಅವುಗಳಲ್ಲಿ ಎರಡರ ತೊಟ್ಟಿಗೆ ಸೊಸೆಯು ಕೆಂಪು ದಾರವನ್ನು ಕಟ್ಟಿರುವಳು.