ನಲವತ್ತು ವರ್ಷ ಇಳಿದೇ ಇದ್ದ ಶ್ರುತಿ

1967ರ ಜನವರಿ 4ರಂದು ಅಮೆರಿಕದ ಎಲೆಕ್ಟ್ರಾ ಕಂಪನಿ ಹೊಸ ತಂಡವೊಂದರ ಮೊದಲ ಎಲ್‌ಪಿ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ತಂಡದ ಹೆಸರು ‘ದ ಡೋರ್ಸ್’, ತಟ್ಟೆಯ ಹೆಸರೂ ಅದೇ. ಆ ಜುಲೈನಲ್ಲಿ ಅದರ ‘ಲೈಟ್ ಮೈ ಫೈರ್’ ಹಾಡು ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ತಟ್ಟೆ ಲಕ್ಷಾಂತರ ಮನೆಗಳಲ್ಲಿ ತಿರುಗಿತು, ಕ್ಯಾಸೆಟ್ ಆಯಿತು, ಸಿ.ಡಿ. ಆಯಿತು. ಆದರೆ ಸ್ಟೀರಿಯೊ ಎಲ್‌ಪಿಯಲ್ಲಿದ್ದ ಆ ಹಾಡು, ತಂಡ ನುಡಿಸಿದ್ದಕ್ಕಿಂತ ಸುಮಾರು ಶೇ. 3.5ರಷ್ಟು ನಿಧಾನವಾಗಿ ಓಡುತ್ತಿದೆ ಎಂಬ ಸಂಗತಿ ಹೊರಬೀಳಲು ಹತ್ತಿರಹತ್ತಿರ ನಲವತ್ತು ವರ್ಷ ಬೇಕಾಯಿತು.

ಅದನ್ನು ಹಿಡಿದವರು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು. ಅವರು ವಿಷಯ ಮುಟ್ಟಿಸಿದ್ದು ಬ್ರೂಸ್ ಬಾಟ್ನಿಕ್ ಅವರಿಗೆ, ಅಂದರೆ 1966ರಲ್ಲಿ ಆ ಆಲ್ಬಂ ಮುದ್ರಿಸಿಕೊಂಡಿದ್ದ ಎಂಜಿನಿಯರ್‌ಗೇ. 2006-07ರಲ್ಲಿ ನಲವತ್ತನೇ ವರ್ಷದ ನೆನಪಿಗೆ ಬಾಟ್ನಿಕ್ ಮೂಲ ಟೇಪುಗಳಿಂದ ಹೊಸ ಮಿಶ್ರಣ ಸಿದ್ಧಪಡಿಸಿದಾಗ, ಸ್ಟೀರಿಯೊದಲ್ಲಿ ಆ ಹಾಡು ಮೊದಲ ಬಾರಿಗೆ ಸರಿಯಾದ ವೇಗದಲ್ಲಿ ಕೇಳಿಸಿತು. ಹಳೆಯ ಆಲ್ಬಂ ‘ರೀಮಾಸ್ಟರ್’ ಆಗಿದೆ ಎಂದರೆ ಧೂಳು ಒರೆಸಿ ಹೊಳಪು ಕೊಟ್ಟಿದ್ದಾರೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ಈ ಹಾಡಿನ ಕಥೆ ನೋಡಿದರೆ, ಆ ಕೆಲಸದಲ್ಲಿ ಪತ್ತೇದಾರಿಕೆಯ ಪಾಲು ದೊಡ್ಡದು ಎಂದು ಗೊತ್ತಾಗುತ್ತದೆ. ಎಂದೋ ಒಂದು ಕೋಣೆಯಲ್ಲಿ ಗಾಳಿ ಹೇಗೆ ಕಂಪಿಸಿತ್ತು ಎಂಬುದನ್ನು ಉಳಿದ ಸಾಕ್ಷ್ಯಗಳಿಂದ ಲೆಕ್ಕಹಾಕಬೇಕು.

ಆ ಕೋಣೆ ಇದ್ದದ್ದು ಹಾಲಿವುಡ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೊದಲ್ಲಿ. ಹಿಂದೆ ಅದು ಕಾರು ರಿಪೇರಿಯ ಗ್ಯಾರೇಜ್ ಆಗಿತ್ತು. 1966ರ ಆಗಸ್ಟ್‌ನಲ್ಲಿ, ನಿರ್ಮಾಪಕ ಪಾಲ್ ರಾಥ್‌ಚೈಲ್ಡ್ ಉಸ್ತುವಾರಿಯಲ್ಲಿ ನಾಲ್ವರು ಅಲ್ಲಿ ಸೇರಿದರು: ಗಾಯಕ ಜಿಮ್ ಮಾರಿಸನ್, ಆರ್ಗನ್ ನುಡಿಸುವ ರೇ ಮಾಂಜರೆಕ್, ಗಿಟಾರಿನ ರಾಬಿ ಕ್ರೀಗರ್, ಡ್ರಮ್ಸ್‌ನ ಜಾನ್ ಡೆನ್ಸ್‌ಮೋರ್. ಮಾಂಜರೆಕ್, ಕ್ರೀಗರ್, ಡೆನ್ಸ್‌ಮೋರ್ ಮೂವರಿಗೂ ಪರಿಚಯವಾದದ್ದು ಲಾಸ್ ಏಂಜಲೀಸ್‌ನಲ್ಲಿ, ಮಹರ್ಷಿ ಮಹೇಶ ಯೋಗಿಯವರ ಧ್ಯಾನಪದ್ಧತಿಯ ತರಗತಿಯಲ್ಲಿ. ವೇದಿಕೆಯಲ್ಲಿ ತಂಡಕ್ಕೆ ಬಾಸ್ ಗಿಟಾರಿನವರು ಇರಲಿಲ್ಲ. ಮಾಂಜರೆಕ್ ಬಲಗೈಯಲ್ಲಿ ವಾಕ್ಸ್ ಕಾಂಟಿನೆಂಟಲ್ ಆರ್ಗನ್, ಎಡಗೈಯಲ್ಲಿ ಫೆಂಡರ್ ರೋಡ್ಸ್ ಪಿಯಾನೊ ಬಾಸ್ ನುಡಿಸುತ್ತಿದ್ದರು. ಸ್ಟುಡಿಯೊದಲ್ಲಿ ಕೆಲವು ಹಾಡುಗಳಿಗೆ ಲ್ಯಾರಿ ನೆಕ್ಟೆಲ್ ಬಾಸ್ ಸೇರಿಸಿದರು.

ಬಾಟ್ನಿಕ್ ಕೈಯಲ್ಲಿದ್ದದ್ದು ನಾಲ್ಕು ಟ್ರ್ಯಾಕ್‌ಗಳ ಟೇಪು ಯಂತ್ರ. ಇಂದು ಲ್ಯಾಪ್‌ಟಾಪಿನಲ್ಲಿ ಒಂದು ಡ್ರಮ್ ಸೆಟ್ಟಿಗೇ ಎಂಟು ಟ್ರ್ಯಾಕ್ ಬಳಸಬಹುದು. ಆಗ ಇಡೀ ತಂಡ ನಾಲ್ಕರಲ್ಲಿ ಹಿಡಿಸಬೇಕಿತ್ತು, ಒಂದೇ ಟ್ರ್ಯಾಕ್‌ನಲ್ಲಿ ಎರಡು ವಾದ್ಯಗಳು ಸೇರಿಹೋಗುವುದು ಅನಿವಾರ್ಯ. ಹಾಗೆ ಸೇರಿದ ವಾದ್ಯಗಳ ಸಮತೋಲ ಅಲ್ಲೇ, ಆಗಲೇ ತೀರ್ಮಾನವಾಗುತ್ತಿತ್ತು. ಈ ತಂಡದ ಸೈಕೆಡೆಲಿಕ್ ರಾಕ್ ಬಯಸಿದ್ದ ವಿಶಾಲವಾದ ಗುಂಗಿಗೆ ನಿಜವಾದ ಪ್ರತಿಧ್ವನಿ ಕೋಣೆ ಇತ್ತು. ಗಟ್ಟಿ ಗೋಡೆಗಳ ಖಾಲಿ ಕೋಣೆಯಲ್ಲಿ ಸ್ಪೀಕರ್ ಇಟ್ಟು ಹಾಡು ಕೇಳಿಸಿ, ಗೋಡೆಗಳಿಗೆ ಬಡಿದು ಬಂದ ಸದ್ದನ್ನು ಮೈಕಿನಲ್ಲಿ ಹಿಡಿದು ಮತ್ತೆ ಹಾಡಿಗೇ ಬೆರೆಸುವ ವಿಧಾನ ಅದು.

ಟೇಪು ಎಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಬ್ಬಿಣದ ಆಕ್ಸೈಡ್ ಪುಡಿ. ಮೈಕಿನಿಂದ ಬಂದ ವಿದ್ಯುತ್ ಸಂಕೇತ ರೆಕಾರ್ಡಿಂಗ್ ಹೆಡ್‌ನಲ್ಲಿ ಕಾಂತಕ್ಷೇತ್ರವಾಗುತ್ತದೆ. ಅದರ ಎದುರು ಹಾದುಹೋಗುವ ಕಣಗಳು ಅದಕ್ಕೆ ತಕ್ಕಂತೆ ಕಾಂತತ್ವ ಪಡೆದು ಹಾಗೇ ಉಳಿಯುತ್ತವೆ. ಸ್ಟುಡಿಯೊಗಳಲ್ಲಿ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 15 ಇಂಚು, ಅಂದರೆ 38 ಸೆಂಟಿಮೀಟರ್ ಓಡುತ್ತಿತ್ತು. ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಸಣ್ಣ ಕಡ್ಡಿ ಮತ್ತು ರಬ್ಬರ್ ರೋಲರ್ ನಡುವೆ ಸಿಕ್ಕಿಕೊಂಡ ಟೇಪು ಕಡ್ಡಿ ತಿರುಗಿದಷ್ಟು ಮುಂದೆ ಸರಿಯುತ್ತದೆ. ಇಲ್ಲಿ ಕಾಲವೇ ಉದ್ದವಾಗಿ ಬದಲಾಗಿದೆ: 38 ಸೆಂಟಿಮೀಟರ್ ಟೇಪು ಒಂದು ಸೆಕೆಂಡಿಗೆ ಸಮ. ಅದೇ ಉದ್ದ ಇನ್ನೊಂದು ಯಂತ್ರದಲ್ಲಿ ಸ್ವಲ್ಪ ಮೆಲ್ಲಗೆ ಹಾದುಹೋದರೆ ಆ ಒಂದು ಸೆಕೆಂಡು ಹಿಗ್ಗುತ್ತದೆ, ಅದರೊಳಗಿನ ಪ್ರತಿ ಕಂಪನವೂ ಹಿಗ್ಗುತ್ತದೆ. ಸೆಲ್ ಮುಗಿಯುತ್ತ ಬಂದ ಟೇಪ್‌ರೆಕಾರ್ಡರಿನಲ್ಲಿ ಹಾಡು ಎಳೆದೆಳೆದು ದಪ್ಪವಾಗುತ್ತಿದ್ದುದನ್ನು ಕ್ಯಾಸೆಟ್ ಕಾಲದವರು ಮರೆತಿರಲಾರರು. ಡೋರ್ಸ್ ತಟ್ಟೆಯಲ್ಲಿ ಆದದ್ದೂ ಅದೇ, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ ಮತ್ತು ಆರಂಭದಿಂದ ಕೊನೆಯವರೆಗೆ ಒಂದೇ ಸಮನಾಗಿ.

ಶೇ. 3.5 ಎಂದರೆ ಎಷ್ಟು? ಸೆಕೆಂಡಿಗೆ 440 ಬಾರಿ ಕಂಪಿಸುವ ಸ್ವರ ಸುಮಾರು 425ಕ್ಕೆ ಇಳಿಯುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳಿದರೆ, ಬಿಳಿ ಆರಲ್ಲಿ ಇರಬೇಕಾದ ಹಾಡು ಕಪ್ಪು ನಾಲ್ಕರ ಕಡೆಗೆ ಅರ್ಧಕ್ಕಿಂತ ಹೆಚ್ಚು ದಾರಿ ಜಾರಿ, ಎರಡು ಮನೆಗಳ ನಡುವೆ ಎಲ್ಲಿಯೂ ಸಲ್ಲದ ಜಾಗದಲ್ಲಿ ನಿಂತಿತ್ತು. ಆ ತಟ್ಟೆಯ ಜೊತೆ ಗಿಟಾರ್ ನುಡಿಸಬೇಕೆಂದರೆ ತಂತಿಗಳನ್ನೇ ಸಡಿಲಿಸಬೇಕು. ಏಳು ನಿಮಿಷದ ಹಾಡಿಗೆ ಸುಮಾರು 15 ಸೆಕೆಂಡು ಹೆಚ್ಚಾಗಿತ್ತು.

ಶ್ರುತಿಗಿಂತ ಸೂಕ್ಷ್ಮವಾದ ಬದಲಾವಣೆ ಆಗಿದ್ದು ಮಾರಿಸನ್ ಕಂಠದಲ್ಲಿ. ಗಾಯಕ ತಾನಾಗಿ ಶ್ರುತಿ ಇಳಿಸಿ ಹಾಡಿದರೆ ಧ್ವನಿತಂತುಗಳು ಮೆಲ್ಲಗೆ ಕಂಪಿಸುತ್ತವೆ. ಗಂಟಲಿನಿಂದ ತುಟಿಯವರೆಗಿನ ಕೊಳವೆ ಮಾತ್ರ ಅಷ್ಟೇ ಇರುತ್ತದೆ. ‘ಆ’ಕಾರಕ್ಕೆ ‘ಆ’ಕಾರದ ಗುಣ ಕೊಡುವುದು ಆ ಕೊಳವೆಯ ಅನುರಣನ. ಗಂಡಸಿನ ಕಂಠದಲ್ಲಿ ಅದರ ಮೊದಲ ಶಿಖರ ಸುಮಾರು 700 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಟೇಪು ನಿಧಾನವಾದಾಗ ಸ್ವರದ ಜೊತೆಗೆ ಈ ಶಿಖರವೂ 675ಕ್ಕೆ ಇಳಿಯುತ್ತದೆ. ಕೇಳುವ ಕಿವಿಗೆ, 17 ಸೆಂಟಿಮೀಟರ್ ಉದ್ದದ ಕೊಳವೆ ಆರು ಮಿಲಿಮೀಟರ್ ಬೆಳೆದಂತೆ! ನಾಲ್ಕು ದಶಕ ಜನ ಕೇಳಿದ್ದು ನಿಜವಾದ ಮಾರಿಸನ್‌ಗಿಂತ ಕೊಂಚ ದೊಡ್ಡ ದೇಹದ, ಕೊಂಚ ಭಾರದ ಮಾರಿಸನ್ ದನಿಯನ್ನು.

ಇದು ಬೇಕೆಂದೇ ಮಾಡಿದ್ದಲ್ಲ ಎಂದು ಹೇಗೆ ಹೇಳುವುದು? ಈ ಪ್ರಶ್ನೆ ಕೇಳಲೇಬೇಕು, ಏಕೆಂದರೆ ಟೇಪಿನ ವೇಗ ಬದಲಿಸುವುದು ಆ ಕಾಲದ ಸೈಕೆಡೆಲಿಕ್ ಸಂಗೀತದ ನೆಚ್ಚಿನ ಉಪಾಯವಾಗಿತ್ತು. 1966ರ ‘ರೇನ್’ ಹಾಡಿಗೆ ಬೀಟಲ್ಸ್ ತಂಡ ವಾದ್ಯಗಳನ್ನು ವೇಗವಾಗಿ ನುಡಿಸಿ, ಟೇಪನ್ನು ನಿಧಾನಿಸಿ ಬಳಸಿತು. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿಗೆ ಬೇರೆಬೇರೆ ಶ್ರುತಿ, ಲಯಗಳ ಎರಡು ಮುದ್ರಣಗಳನ್ನು ಜಾರ್ಜ್ ಮಾರ್ಟಿನ್ ಮತ್ತು ಜೆಫ್ ಎಮೆರಿಕ್ ವೇಗ ಹೊಂದಿಸಿ ಬೆಸೆದರು. ಅಂಥ ಕಡೆ ವೇಗ ‘ಸರಿಪಡಿಸಿದರೆ’ ಕೃತಿಯನ್ನೇ ಕೆಡಿಸಿದಂತೆ.

‘ಲೈಟ್ ಮೈ ಫೈರ್’ ವಿಷಯದಲ್ಲಿ ಮೂರು ಸಾಕ್ಷ್ಯಗಳು ಒಂದೇ ಕಡೆ ಬೆರಳು ತೋರಿಸಿದವು. ತಂಡದ ನೇರ ಪ್ರದರ್ಶನಗಳ ಧ್ವನಿ, ಚಿತ್ರ ಮುದ್ರಣಗಳಲ್ಲಿ ಹಾಡು ಮೇಲಿನ ಶ್ರುತಿಯಲ್ಲೇ ಇದೆ. ಅಚ್ಚಾದ ಸ್ವರಲಿಪಿಯೂ ಅದನ್ನೇ ಹೇಳುತ್ತದೆ, ವಾದಕರ ಹೇಳಿಕೆಗಳೂ ಅದನ್ನೇ ಹೇಳುತ್ತವೆ. ಇವಕ್ಕೆ ಬಲ ಕೊಟ್ಟದ್ದು 45 ಆರ್‌ಪಿಎಂ ಸಿಂಗಲ್ ತಟ್ಟೆ. ಅದರಲ್ಲಿ ವೇಗ ಸರಿಯಾಗಿಯೇ ಇತ್ತು. ಒಂದೇ ಮುದ್ರಣದಿಂದ ಹುಟ್ಟಿದ ಎರಡು ತಟ್ಟೆಗಳಲ್ಲಿ ಒಂದು ಸರಿ, ಇನ್ನೊಂದು ನಿಧಾನ ಎಂದಾದರೆ, ದೋಷ ವಾದಕರ ಕೈಯಲ್ಲಿ ಹುಟ್ಟಿದ್ದಲ್ಲ. ಅದು ನಂತರದ ಹಂತದಲ್ಲಿ ಸೇರಿಕೊಂಡದ್ದು.

ಇಂಥದೇ ತಪ್ಪು, ಉಲ್ಟಾ ದಿಕ್ಕಿನಲ್ಲಿ, ಜಾಝ್‌ನ ಅತಿ ಪ್ರಸಿದ್ಧ ಆಲ್ಬಂಗೂ ಆಗಿತ್ತು. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ 1959ರಲ್ಲಿ ಮುದ್ರಣವಾದಾಗ ಮೊದಲ ದಿನ ಮುಖ್ಯ ಯಂತ್ರ ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ಬರೆದದ್ದನ್ನು ಸರಿಯಾದ ವೇಗದಲ್ಲಿ ಓದಿದರೆ ಶ್ರುತಿ ಏರುತ್ತದೆ. ಹಾಗಾಗಿ ತಟ್ಟೆಯ ಮೊದಲ ಮಗ್ಗುಲಿನ ಮೂರೂ ರಚನೆಗಳು ಏರಿದ ಶ್ರುತಿಯಲ್ಲೇ ಲೋಕಪ್ರಸಿದ್ಧವಾದವು. ಅಂದು ಇನ್ನೊಂದು ಯಂತ್ರದಲ್ಲಿ ಜೋಪಾನಕ್ಕೆಂದು ತೆಗೆದಿಟ್ಟ ಸುರುಳಿ ಸರಿಯಾಗಿತ್ತು. ಅದನ್ನು ಬಳಸಿ 1992ರಲ್ಲಿ ತಿದ್ದಿದರು.

ಇಷ್ಟು ಜನ ಕೇಳಿಯೂ ಯಾಕೆ ಯಾರಿಗೂ ಅನುಮಾನ ಬರಲಿಲ್ಲ? ಎರಡು ಸ್ವರಗಳನ್ನು ಅಕ್ಕಪಕ್ಕ ಕೇಳಿಸಿದರೆ ಶೇ. 1ಕ್ಕಿಂತ ಕಡಿಮೆ ವ್ಯತ್ಯಾಸವೂ ಹೆಚ್ಚಿನವರಿಗೆ ತಿಳಿಯುತ್ತದೆ. ಒಂದೇ ಸ್ವರ ಕೇಳಿಸಿ ಇದು ಯಾವುದು ಎಂದರೆ ಹೇಳಬಲ್ಲವರು ತೀರ ವಿರಳ, ಹತ್ತು ಸಾವಿರಕ್ಕೆ ಒಬ್ಬರು ಎಂಬ ಅಂದಾಜಿದೆ. ಹಾಡಿನೊಳಗಿನ ಎಲ್ಲವೂ ಒಂದೇ ಪ್ರಮಾಣದಲ್ಲಿ ಇಳಿದಾಗ ಸ್ವರಗಳ ನಡುವಿನ ಸಂಬಂಧ ಹಾಗೇ ಉಳಿಯುತ್ತದೆ. ಕಿವಿಗೆ ಬೇಕಾದದ್ದು ಆ ಸಂಬಂಧ.

ಆದರೂ ನೆನಪು ಅಷ್ಟು ಸಡಿಲವಾದದ್ದಲ್ಲ. ಮನೋವಿಜ್ಞಾನಿ ಡೇನಿಯಲ್ ಲೆವಿಟಿನ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 46 ವಿದ್ಯಾರ್ಥಿಗಳಿಗೆ, ಚೆನ್ನಾಗಿ ಗೊತ್ತಿರುವ ಜನಪ್ರಿಯ ಹಾಡನ್ನು ನೆನಪಿನಿಂದ ಹಾಡಲು ಹೇಳಿದರು. ಎರಡು ಪ್ರಯತ್ನಗಳಲ್ಲಿ ಕನಿಷ್ಠ ಒಂದರಲ್ಲಿ ಶೇ. 40ರಷ್ಟು ಮಂದಿ ರೆಕಾರ್ಡಿನ ಶ್ರುತಿಯನ್ನೇ ಮುಟ್ಟಿದರು. ಅವರು ಆರಿಸಿಕೊಂಡ ಹಾಡುಗಳು ಮನಸ್ಸಿನಲ್ಲಿ ಕೂತದ್ದು ತಟ್ಟೆಯಲ್ಲಿದ್ದ ಶ್ರುತಿಯ ಸಮೇತ. ಹಾಗೆಂದ ಮೇಲೆ, ತಿದ್ದಿದ ‘ಲೈಟ್ ಮೈ ಫೈರ್’ ಕೇಳಿದ ಹಳೆಯ ಅಭಿಮಾನಿಗೆ ಏನೋ ಅವಸರವಾದಂತೆ, ದನಿ ತೆಳುವಾದಂತೆ ಅನಿಸಿದರೆ ಅದನ್ನು ಹಟ ಎಂದು ತಳ್ಳಿಹಾಕುವಂತಿಲ್ಲ. ಅವರ ಕಿವಿ ತನ್ನಲ್ಲಿದ್ದ ದಾಖಲೆಯನ್ನು ಪ್ರಾಮಾಣಿಕವಾಗಿ ಓದುತ್ತಿದೆ.

ಈ ಕಾರಣಕ್ಕೇ ರೀಮಿಕ್ಸ್ ಮತ್ತು ರೀಮಾಸ್ಟರ್ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ನಾಲ್ಕು ಟ್ರ್ಯಾಕ್‌ಗಳ ಮೂಲಕ್ಕೇ ಹೋಗಿ ಹೊಸದಾಗಿ ಬೆರೆಸಿದರೆ ರೀಮಿಕ್ಸ್. 2006-07ರದ್ದು ಅದು. ಅಂದು ಬೆರೆಸಿಟ್ಟ ಮಿಶ್ರಣವನ್ನು ಮುಟ್ಟದೆ, ಅದನ್ನು ಇಂದಿನ ಮಾಧ್ಯಮಕ್ಕೆ ಒಗ್ಗಿಸಿದರೆ ರೀಮಾಸ್ಟರ್. 2017ರ ಐವತ್ತನೇ ವರ್ಷದ ಆವೃತ್ತಿ ಮೂಲ ಸ್ಟೀರಿಯೊ ಮಿಶ್ರಣಕ್ಕೆ ಮರಳಿತು, ಮೊನೊ ಮಿಶ್ರಣವನ್ನು ಮೊದಲ ಸಲ ಸಿ.ಡಿ.ಗೆ ತಂದಿತು. ಒಂದು ಆವೃತ್ತಿ ಆ ಸ್ಟುಡಿಯೊದ ಕೋಣೆಗೆ ನಿಷ್ಠವಾಗಿದ್ದರೆ, ಇನ್ನೊಂದು ಜನ ಕೇಳಿದ ತಟ್ಟೆಗೆ ನಿಷ್ಠ. ಎರಡೂ ಉಳಿಯಬೇಕಾದ ದಾಖಲೆಗಳೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ನೋಂದಣಿಗೆ 2014ರ ಸಾಲಿನಲ್ಲಿ ಈ ಆಲ್ಬಂ ಸೇರಿಸಿಕೊಂಡಿದೆ.

ತಟ್ಟೆಯ ರೇಖಾಗಣಿತವೂ ಹಾಡನ್ನು ಬದಲಿಸಿತ್ತು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾದುಹೋದರೆ, ಒಳ ಅಂಚಿನಲ್ಲಿ 21 ಸೆಂಟಿಮೀಟರ್ ಮಾತ್ರ. ಅದೇ ಒಂದು ಸೆಕೆಂಡಿನ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿ ಕೂರಬೇಕು. ಮೊದಲು ಮಂಕಾಗುವುದು ತಾಳದ ತಟ್ಟೆಗಳಂಥ ಮೇಲಿನ ನಾದಗಳು. ಡೋರ್ಸ್ ಆಲ್ಬಂನ ಎರಡನೇ ಮಗ್ಗುಲಿನ ಕೊನೆಯ ಹಾಡು ‘ದಿ ಎಂಡ್’ ಸುಮಾರು 12 ನಿಮಿಷದ್ದು. ಕ್ರೀಗರ್ ಗಿಟಾರಿನ ಶ್ರುತಿಯನ್ನೇ ಬದಲಿಸಿ, ಭಾರತೀಯ ಸಂಗೀತದ ಗುಂಗಿನಲ್ಲಿ ನುಡಿಸಿದ ಆ ಹಾಡು ಮೆಲ್ಲಗೆ ಶುರುವಾಗಿ ಕೊನೆಯ ನಿಮಿಷಗಳಲ್ಲಿ ಸ್ಫೋಟಿಸುತ್ತದೆ. ಆ ಸ್ಫೋಟ ಬಂದು ಕೂತದ್ದು ತಟ್ಟೆಯ ಅತ್ಯಂತ ಇಕ್ಕಟ್ಟಿನ ಗೀರುಗಳಲ್ಲಿ. ಈ ಇಕ್ಕಟ್ಟು ಡಿಜಿಟಲ್ ಆವೃತ್ತಿಗೆ ಇಲ್ಲ.

ಡಿಜಿಟಲ್‌ಗೆ ಬೇರೆ ಅಪಾಯವಿದೆ. ಸಿ.ಡಿ.ಯ 16 ಬಿಟ್‌ಗಳಲ್ಲಿ ಪಿಸುಮಾತಿಗೂ ಅಬ್ಬರಕ್ಕೂ ನಡುವೆ ಸುಮಾರು 96 ಡೆಸಿಬಲ್ ಅಂತರ ಹಿಡಿಸುತ್ತದೆ. 1990ರ ದಶಕದಿಂದ ಅನೇಕ ಆಲ್ಬಂಗಳು ಅಕ್ಕಪಕ್ಕದ ಹಾಡಿಗಿಂತ ಜೋರಾಗಿ ಕೇಳಿಸಬೇಕೆಂಬ ಪೈಪೋಟಿಗೆ ಬಿದ್ದು ಆ ಅಂತರವನ್ನೇ ತುಳಿದು ಸಪಾಟು ಮಾಡಿಕೊಂಡವು. ‘ದಿ ಎಂಡ್’ನಂಥ ಹಾಡಿನ ಜೀವವೇ ಆ ಅಂತರದಲ್ಲಿರುವುದು. ಅದನ್ನು ತುಳಿದ ರೀಮಾಸ್ಟರ್ ಎಷ್ಟೇ ಸ್ವಚ್ಛವಾಗಿದ್ದರೂ ಹಾಡನ್ನು ಕೊಂದ ಹಾಗೆ.

ವೇಗ ತಿದ್ದುವ ತಂತ್ರ ಈಚೆಗೆ ಬಹಳ ಸೂಕ್ಷ್ಮವಾಗಿದೆ. ಟೇಪಿಗೆ ಮುದ್ರಿಸುವಾಗ ಸಂಗೀತದ ಜೊತೆ ‘ಬಯಾಸ್’ ಎಂಬ, ಕಿವಿಗೆ ಕೇಳಿಸದ ಅತಿ ಉಚ್ಚ ಕಂಪನಾಂಕದ ಪ್ರವಾಹವನ್ನೂ ಹರಿಸುತ್ತಾರೆ. ಅದಿಲ್ಲದಿದ್ದರೆ ಕಣಗಳು ಮೆಲುದನಿಯನ್ನು ಸರಿಯಾಗಿ ಹಿಡಿಯಲಾರವು. ಆ ಬಯಾಸ್‌ನ ತೆಳ್ಳನೆಯ ಗುರುತು ಟೇಪಿನಲ್ಲಿ ಉಳಿದಿದ್ದರೆ, ಅದರ ಏರಿಳಿತ ನೋಡಿ ಅಂದು ಯಂತ್ರ ಕ್ಷಣಕ್ಷಣಕ್ಕೂ ಎಷ್ಟು ತೊನೆದಿತ್ತು ಎಂದು ಲೆಕ್ಕಹಾಕಬಹುದು. ‘ಪ್ಲ್ಯಾಂಜೆಂಟ್ ಪ್ರೊಸೆಸಸ್’ ಎಂಬ ವ್ಯವಸ್ಥೆ ಮಾಡುವುದು ಇದನ್ನೇ. ಇನ್ನೊಂದು ಸೈಕೆಡೆಲಿಕ್ ತಂಡ ‘ಗ್ರೇಟ್‌ಫುಲ್ ಡೆಡ್’ 1967ರಲ್ಲೇ ತಂದ ಮೊದಲ ಆಲ್ಬಂ 2017ರಲ್ಲಿ ಮರಳಿ ಬಂದಾಗ ಇದನ್ನು ಬಳಸಿದರು. ಆ ಆಲ್ಬಂನ ಹಾಡುಗಳ ಓಟ ತೀರಾ ಜೋರಾಯಿತೆಂದು ತಂಡದವರೇ ಆಮೇಲೆ ಹೇಳಿಕೊಂಡಿದ್ದರು. ಅದು ಅವರ ಕೈಗಳ ವೇಗ, ಅದನ್ನು ತಿದ್ದಲು ಯಾರಿಗೂ ಹಕ್ಕಿಲ್ಲ. ಯಂತ್ರದ ತೊನೆತ ಮಾತ್ರ ತಿದ್ದುಪಡಿಗೆ ಸಲ್ಲುತ್ತದೆ.

ಧಾರವಾಡ, ಮೈಸೂರು, ಬೆಂಗಳೂರು ಆಕಾಶವಾಣಿಯ ಸಂಗೀತ ದಶಕಗಳ ಕಾಲ ಉಳಿದದ್ದೂ ಇಂಥದೇ ಸುರುಳಿ ಟೇಪುಗಳಲ್ಲಿ. ಅಲ್ಲಿ ಕೆಲಸ ಇನ್ನೂ ಕಷ್ಟ. ಆರ್ಗನ್‌ನಂಥ ವಾದ್ಯಕ್ಕೆ ಗೊತ್ತಾದ ಒಂದು ಶ್ರುತಿ ಇರುತ್ತದೆ, ತಂಬೂರಿಯ ಶ್ರುತಿಯನ್ನು ಗಾಯಕರು ತಮ್ಮ ಕಂಠಕ್ಕೆ ಬೇಕಾದಂತೆ ಇಟ್ಟುಕೊಳ್ಳುತ್ತಾರೆ. ಇಂಥ ಕಡೆ ನೆರವಿಗೆ ಬರಬಲ್ಲ ಒಂದು ಸಾಕ್ಷಿ, ಎಲ್ಲರೂ ಅಳಿಸಲು ಬಯಸುವ ವಿದ್ಯುತ್ ಗುಂಯ್‌ಗಾಟ. ನಮ್ಮಲ್ಲಿ ವಿದ್ಯುತ್ ಜಾಲದ ಕಂಪನ 50 ಹರ್ಟ್ಸ್, ಅಮೆರಿಕದಲ್ಲಿ 60. ಮುದ್ರಣದ ವೇಳೆ ನುಸುಳಿದ ಆ ಗುಂಯ್‌ಗಾಟ ಟೇಪಿನಲ್ಲಿ 48 ಎಂದು ಕಂಡರೆ, ಟೇಪು ನಿಧಾನವಾಗಿ ಓಡುತ್ತಿದೆ ಎಂಬ ಬಲವಾದ ಸುಳಿವು ಸಿಕ್ಕಿತು. ಹಾಗಾಗಿ ಹಳೆಯ ಸುರುಳಿಯನ್ನು ಕಂಪ್ಯೂಟರಿಗೆ ಇಳಿಸುವವರು ಗುಂಯ್‌ಗಾಟವನ್ನು ಮೊದಲು ಅಳೆದು ಬರೆದಿಡಬೇಕು, ಬಯಾಸ್‌ನ ಗುರುತೂ ಸಿಗುವಷ್ಟು ಉಚ್ಚ ಕಂಪನಾಂಕದವರೆಗೆ ದಾಖಲಿಸಿಕೊಳ್ಳಬೇಕು, ಯಾವ ಟೇಪಿನಿಂದ ಏನನ್ನು ತಿದ್ದಿದ್ದೇವೆ ಎಂದು ಆಲ್ಬಂನ ಹೊದಿಕೆಯ ಮೇಲೆ ಅಚ್ಚು ಹಾಕಬೇಕು. ಏನೂ ಅಳಿಸದ ಒಂದು ಪ್ರತಿಯನ್ನು ಬದಿಗಿಟ್ಟರೆ ಮಾತ್ರ, ನಾಳೆ ಇನ್ನೊಬ್ಬ ಪ್ರಾಧ್ಯಾಪಕರು ಅನುಮಾನದಿಂದ ಕಿವಿ ನಿಮಿರಿಸಿದಾಗ ಪರೀಕ್ಷಿಸಿ ನೋಡಲು ಅವರ ಕೈಗೆ ಏನಾದರೂ ಸಿಗುತ್ತದೆ.